ಭಾವನೆ ನಿಭಾಯಿಸುವ ಪಾಠ ಮಕ್ಕಳಿಗೆ ಮಾತ್ರವೇ? ಶಾಲೆ ನಡೆಸುವ ಅಧಿಕಾರಿಗಳಿಗೆ ಬೇಡವೇ?

‘ಜೀವನದ ಯಶಸ್ಸಿನಲ್ಲಿ ಶೇ 80 ಪಾಲು ಭಾವನಾತ್ಮಕ ಬುದ್ಧಿವಂತಿಕೆಯದ್ದು, ಐಕ್ಯೂ ಪಾಲು ಶೇ 20 ಮಾತ್ರ’ ಎಂಬ ಮಾತನ್ನು ನೀವೂ ಎಲ್ಲಾದರೂ ಓದಿರಬಹುದು. ಡೇನಿಯಲ್ ಗೋಲ್‌ಮನ್ 1995ರಲ್ಲಿ ಬರೆದ ಪುಸ್ತಕವನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿದ ಮಾತಿದು. ಯಶಸ್ಸಿಗೆ ಐಕ್ಯೂ ಕೊಡುಗೆ ಹೆಚ್ಚೆಂದರೆ ಶೇ 20, ಉಳಿದದ್ದು ಬೇರೆ ಕಾರಣಗಳಿಂದ ಎಂದಷ್ಟೇ ಅವರು ಹೇಳಿದ್ದರು. ಆ ‘ಬೇರೆ ಕಾರಣ’ಗಳಲ್ಲಿ ಹುಟ್ಟಿದ ಮನೆ, ಹಣ, ಅದೃಷ್ಟ ಎಲ್ಲವೂ ಸೇರಿವೆ. ಈ ತಪ್ಪು ಓದನ್ನು ಮುಂದೆ ಗೋಲ್‌ಮನ್ ಅವರೇ ತಿದ್ದಿದರು.

ಹಾಗಾದರೆ ಭಾವನೆಗಳ ಕಲಿಕೆ ಎಂಬುದೇ ಸುಳ್ಳೇ? ಅಲ್ಲ. ಅದಕ್ಕೆ ಆಧಾರವಿದೆ, ಮಿತಿಯೂ ಇದೆ. ಅಮೆರಿಕದ ಶಾಲೆಗಳ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ.

ಏನಿದು ಈ ಕಲಿಕೆ?

ಇದನ್ನು ಸಾಮಾಜಿಕ-ಭಾವನಾತ್ಮಕ ಕಲಿಕೆ ಎನ್ನುತ್ತಾರೆ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಕ್ಯಾಸೆಲ್’ ಸಂಸ್ಥೆ ಇದನ್ನು ಐದು ಕೌಶಲಗಳಾಗಿ ವಿಂಗಡಿಸಿದೆ: ತನ್ನನ್ನು ತಾನು ಅರಿಯುವುದು, ತನ್ನನ್ನು ನಿಭಾಯಿಸಿಕೊಳ್ಳುವುದು, ಇತರರ ಸ್ಥಿತಿ ಅರ್ಥ ಮಾಡಿಕೊಳ್ಳುವುದು, ಸಂಬಂಧ ಉಳಿಸಿಕೊಳ್ಳುವುದು ಮತ್ತು ಹೊಣೆಯರಿತು ತೀರ್ಮಾನಿಸುವುದು.

ಅಧಿಕಾರಿಗಳಿಗೇಕೆ?

ಅಮೆರಿಕದಲ್ಲಿ ಸುಮಾರು 13 ಸಾವಿರ ಶಾಲಾ ಡಿಸ್ಟ್ರಿಕ್ಟ್‌ಗಳಿವೆ. ಇವು ನಮ್ಮ ಜಿಲ್ಲೆಗಳಂತಲ್ಲ. ಶಾಲೆ ನಡೆಸುವುದಕ್ಕಾಗಿಯೇ ಇರುವ ಸ್ಥಳೀಯ ಆಡಳಿತ ಘಟಕಗಳು. ಸಾಮಾನ್ಯವಾಗಿ ಒಂದು ಮಂಡಳಿ, ಅದರ ಕೆಳಗೆ ಸೂಪರಿಂಟೆಂಡೆಂಟ್ ಇರುತ್ತಾರೆ. ಶಿಕ್ಷಕರ ನೇಮಕ, ಬಜೆಟ್, ಶಿಸ್ತಿನ ನಿಯಮ ಎಲ್ಲವೂ ಇಲ್ಲಿ ತೀರ್ಮಾನವಾಗುತ್ತವೆ. ಆದ್ದರಿಂದ ಕಚೇರಿಯ ಒತ್ತಡ ಕಚೇರಿಯಲ್ಲೇ ಉಳಿಯುವುದಿಲ್ಲ. ಅದು ಮುಖ್ಯ ಶಿಕ್ಷಕರಿಗೆ, ಅವರಿಂದ ಶಿಕ್ಷಕರಿಗೆ, ಕೊನೆಗೆ ತರಗತಿಗೆ ಇಳಿಯಬಹುದು.

ಕೆನಡಾದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 400ಕ್ಕೂ ಹೆಚ್ಚು ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ತೀರಾ ದಣಿದು ಬೇಸತ್ತ ಶಿಕ್ಷಕರ ತರಗತಿಗಳಲ್ಲಿ ಮಕ್ಕಳ ಬೆಳಗಿನ ಕಾರ್ಟಿಸಾಲ್ ಮಟ್ಟ ಹೆಚ್ಚಿತ್ತು. ಯಾವುದರಿಂದ ಯಾವುದು ಎಂಬುದನ್ನು ಈ ಅಧ್ಯಯನ ಸಾಬೀತು ಮಾಡಿಲ್ಲ. ಗಲಾಟೆಯ ತರಗತಿಯೇ ಶಿಕ್ಷಕರನ್ನು ದಣಿಸಿರಲೂಬಹುದು. ಆದರೆ ಎರಡಕ್ಕೂ ನಂಟಿದೆ ಎಂಬುದು ಸ್ಪಷ್ಟ.

ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದದ್ದು

2007ರ ಅಕ್ಟೋಬರ್‌ನಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಶಾಲೆಯೊಂದರಲ್ಲಿ, ಅಮಾನತಾಗಿದ್ದ 14 ವರ್ಷದ ವಿದ್ಯಾರ್ಥಿ ಗುಂಡು ಹಾರಿಸಿದ. ಇಬ್ಬರು ಶಿಕ್ಷಕರು, ಇಬ್ಬರು ವಿದ್ಯಾರ್ಥಿಗಳು ಗಾಯಗೊಂಡರು. ಹುಡುಗ ತಾನೂ ಪ್ರಾಣ ಕಳೆದುಕೊಂಡ. ಆಗ ಶಾಲೆಗಳ ಮುಖ್ಯಸ್ಥರು ಲೋಹಶೋಧಕ ಯಂತ್ರಗಳ ಬಗ್ಗೆ ಮಾತ್ರ ಯೋಚಿಸಲಿಲ್ಲ. ಮಕ್ಕಳು ಶಾಲೆಯಲ್ಲಿ ಏನನ್ನು ಅನುಭವಿಸುತ್ತಿದ್ದಾರೆ ಎಂದು ಹೊರಗಿನ ತಜ್ಞರಿಂದ ಪರಿಶೀಲನೆ ಮಾಡಿಸಿದರು. ‘ಹಾರ್ಡ್‌ವೇರ್ ಇದ್ದರೆ ಸಾಲದು’ ಎಂಬ ಅರ್ಥದಲ್ಲಿ ‘ಹ್ಯೂಮನ್‌ವೇರ್’ ಎಂಬ ಯೋಜನೆ ತಂದರು. ತಪ್ಪು ಮಾಡಿದವರನ್ನು ಸುಮ್ಮನೆ ಕೂರಿಸುತ್ತಿದ್ದ ಕೊಠಡಿಗಳು, ಮಕ್ಕಳು ಸಮಾಧಾನ ಮಾಡಿಕೊಂಡು ಮುಂದೇನು ಎಂದು ಯೋಚಿಸುವ ಕೇಂದ್ರಗಳಾದವು.

2011ರಿಂದ ಕ್ಯಾಸೆಲ್ ಜೊತೆ ಸೇರಿದ ಮೊದಲ ಎಂಟು ಡಿಸ್ಟ್ರಿಕ್ಟ್‌ಗಳಲ್ಲಿ ಕ್ಲೀವ್‌ಲ್ಯಾಂಡ್ ಕೂಡ ಒಂದು. ಶಿಕಾಗೊ, ಆಸ್ಟಿನ್, ಓಕ್‌ಲ್ಯಾಂಡ್, ಆ್ಯಂಕರೇಜ್ ಕೂಡ ಇದರಲ್ಲಿದ್ದವು. ಇಲ್ಲಿ ಅಧಿಕಾರಿಗಳು ತಮ್ಮ ಸಭೆಗಳಿಂದಲೇ ಬದಲಾವಣೆ ಶುರುಮಾಡುವ ಪದ್ಧತಿ ಬೆಳೆಯಿತು. ಸಭೆಯ ಆರಂಭದಲ್ಲಿ ಪ್ರತಿಯೊಬ್ಬರಿಗೂ ಒಂದು ಮಾತಾಡುವ ಅವಕಾಶ. ನಡುವೆ ಜೋಡಿಯಾಗಿ ಚರ್ಚೆ, ಸ್ವಲ್ಪ ಬಿಡುವು. ಕೊನೆಯಲ್ಲಿ ‘ನಾಳೆ ನಾನೇನು ಮಾಡುತ್ತೇನೆ’ ಎಂದು ಹೇಳುವುದು. ನೋಡಲು ಸಣ್ಣದು. ಆದರೆ ತಾವೇ ಮಾಡದ್ದನ್ನು ಶಿಕ್ಷಕರಿಗೆ ‘ಮಾಡಿ’ ಎಂದು ಸುತ್ತೋಲೆ ಕಳಿಸಿದರೆ ಏನಾಗುತ್ತದೆ ಎಂಬುದು ಯಾವ ಊರಿನ ಶಿಕ್ಷಕರಿಗೂ ಗೊತ್ತು.

ನಂಬಿಕೆ: ಕೋಪ, ತಾಳ್ಮೆ ಹುಟ್ಟುಗುಣ, ಈ ವಯಸ್ಸಿನಲ್ಲಿ ಕಲಿಯಲಾಗದು
ವಾಸ್ತವ: ಸ್ವಭಾವದ ಪಾಲು ಇದೆ. ಆದರೆ ಕೋಪ ಬರುವುದು ಬೇರೆ, ಕೋಪದಲ್ಲಿ ಏನು ಮಾಡುತ್ತೇವೆ ಎಂಬುದು ಬೇರೆ. ಎರಡನೆಯದು ಅಭ್ಯಾಸದಿಂದ ಬದಲಾಗುತ್ತದೆ.

ನಂಬಿಕೆ: ಇದರಿಂದ ಶಿಸ್ತು ಹಾಳಾಗುತ್ತದೆ
ವಾಸ್ತವ: 213 ಶಾಲಾ ಕಾರ್ಯಕ್ರಮಗಳ, 2.7 ಲಕ್ಷ ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲಿ ಮಕ್ಕಳ ನಡತೆಯೂ ಕಲಿಕೆಯೂ ಸುಧಾರಿಸಿದ್ದು ಕಂಡುಬಂತು. ಕಲಿಕೆಯಲ್ಲಿ ‘11 ಪರ್ಸೆಂಟೈಲ್’ ಏರಿಕೆ ಎಂದರೆ 11 ಅಂಕ ಹೆಚ್ಚು ಎಂದಲ್ಲ. ನೂರು ಮಕ್ಕಳ ಸಾಲಿನಲ್ಲಿ ಮಧ್ಯದಲ್ಲಿರುವ ಮಗು ಸುಮಾರು 11 ಸ್ಥಾನ ಮುಂದೆ ಬಂದಂತೆ.

ನಂಬಿಕೆ: ಯಾವ ಕಾರ್ಯಕ್ರಮವಾದರೂ ಫಲ ಖಚಿತ
ವಾಸ್ತವ: ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಶಾಲೆಯಲ್ಲಿ ಕಲಿಸಿದ ಮೈಂಡ್‌ಫುಲ್‌ನೆಸ್ ತರಬೇತಿ, ಮಾಮೂಲಿ ಪಾಠಕ್ಕಿಂತ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೆಚ್ಚು ಉಪಯೋಗವಾಗಲಿಲ್ಲ. ಎಲ್ಲಾ ಕಾರ್ಯಕ್ರಮಗಳೂ ಒಂದೇ ಅಲ್ಲ.

ಇನ್ನೊಂದು ಮಾತು. ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಶಿಕ್ಷಕರ ಮೇಲಿನ ಹೆಚ್ಚುವರಿ ಕೆಲಸವನ್ನು ಹಾಗೇ ಬಿಟ್ಟರೆ ಒತ್ತಡ ಇಳಿಯುವುದಿಲ್ಲ. ಕೆಲಸದ ಹೊರೆ ಇಳಿಸುವ ಅಧಿಕಾರ ಇರುವುದು ಮೇಲಿನವರ ಕೈಯಲ್ಲಿ. ಅದಕ್ಕೇ ಈ ಪಾಠ ಅವರಿಂದಲೇ ಶುರುವಾಗಬೇಕು.

ಒಟ್ಟಿನಲ್ಲಿ: ‘ಶೇ 80 ಯಶಸ್ಸು’ ಎಂಬ ಸಂದೇಶ ತಪ್ಪು. ಭಾವನೆ ನಿಭಾಯಿಸುವುದನ್ನು ದೊಡ್ಡವರೂ ಕಲಿಯಬಹುದು ಎಂಬುದು ನಿಜ. ಯಾರಿಗಾದರೂ ಕಳಿಸುವುದಾದರೆ ಎರಡನೆಯದನ್ನು ಕಳಿಸಿ.