ಹಲಗಲಿಯ ಲಾವಣಿ

ಕೃಷ್ಣಾ ಭೀಮಾ ನದಿಗಳ ನಡುವಣ ಕೆಂಭಾವಿಯು ಸುರಪುರ ಸೀಮೆಯ ಹಳೆಯ ಊರುಗಳಲ್ಲೊಂದು. ಈ ಸೀಮೆಯನ್ನಾಳಿದ ಬೇಡ ನಾಯಕರಲ್ಲಿ ರಾಜಾ ವೆಂಕಟಪ್ಪನಾಯಕನು 1858ರಲ್ಲಿ ಇಂಗ್ಲಿಷರನ್ನು ಎದುರಿಸಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಅರಸನ ಹೆಸರು ಇತಿಹಾಸದಲ್ಲಿ ನಿಲ್ಲುವದು ಸಹಜವೇ ಸರಿ. ಆದರೆ ಅರಸರಲ್ಲದವರು ಕಾದಿ ಮಡಿದರೆ ಅವರ ಹೆಸರನ್ನು ಕಾಯುವವರಾರು? ಸುರಪುರದ ಕಾಳಗಕ್ಕೆ ಎರಡು ತಿಂಗಳು ಮೊದಲು ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ನಡೆಯಿಸಿದ ಹೋರಾಟದಿಂದ ಈ ಪ್ರಶ್ನೆಗೆ ಉತ್ತರ ದೊರೆಯುವದು.

1857ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ದಂಗೆಯೇಳಲು, ಪ್ರಜೆಗಳು ತಮ್ಮ ಆಯುಧಗಳನ್ನು ಒಪ್ಪಿಸತಕ್ಕದ್ದೆಂದು ಸರಕಾರವು ಕಟ್ಟಳೆ ಮಾಡಿತು. ಬೇಡನಿಗೆ ಆಯುಧವು ಹೊಟ್ಟೆಯ ಅನ್ನವೂ ಹೌದು, ಕುಲದ ಮಾನವೂ ಹೌದು. ಹಲಗಲಿಯವರು ಕೊಡಲೊಲ್ಲದೆ ನಿಂತರು. ನವೆಂಬರ ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಅನೇಕರು ಅಲ್ಲಿಯೇ ಮಡಿದರು. ಡಿಸೆಂಬರದಲ್ಲಿ 19 ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು.

ಸರಕಾರದ ಕಾಗದಗಳಿಗೆ ಇವರು ಬರಿಯ ಬಂಡುಕೋರರು. ಲಾವಣಿಗಾದರೋ ಇವರು ಹನುಮ, ಬಾಲ, ಜಡಗ, ರಾಮರೆಂಬ ಮನೆಯ ಮಕ್ಕಳು. ಅವರ ಶೌರ್ಯವನ್ನು ಹಾಡಿದ ಕವಿಯು ಅಷ್ಟಕ್ಕೇ ನಿಲ್ಲದೆ, ಸುಲಿಗೆಯಾದ ಒಡವೆಗಳನ್ನೂ ಒಂದೊಂದಾಗಿ ಎಣಿಸುತ್ತಾನೆ: ಕೊಡಲಿ, ಬೆಣ್ಣೆ, ಜೀರಿಗೆ, ಬೆಲ್ಲ, ಬೀಸುವ ಕಲ್ಲು, ಕೊನೆಗೆ ಹೆಣ್ಣುಮಕ್ಕಳ ಮಂಗಳಸೂತ್ರ. ಯಾವ ದಫ್ತರದಲ್ಲಿಯೂ ಕಾಣದ ಈ ಲೆಕ್ಕವನ್ನು ಕೇಳಿದವರಿಗೆ, ಬಡವರ ಊರೊಂದು ಹಾಳಾಗುವದೆಂದರೇನೆಂಬುದು ತಿಳಿಯದಿರದು. ಇಷ್ಟೆಲ್ಲ ಹೇಳಿದ ಕವಿಯು ತನ್ನ ಹೆಸರನ್ನು ಹೇಳಲಿಲ್ಲ. ಕುರ್ತಕೋಟಿಯ ಕಲ್ಮೇಶನ ದಯೆಯನ್ನು ನೆನೆದು ಸುಮ್ಮನಾದನು.

ಹಾಡುಗಾರರ ಬಾಯಲ್ಲಿದ್ದ ಈ ಲಾವಣಿಯನ್ನು ಬರೆಯಿಸಿಕೊಂಡು ಅಚ್ಚಿಗೆ ಕೊಟ್ಟವನು ಜಾನ್ ಫೇತ್‌ಫುಲ್ ಫ್ಲೀಟನು. ಅವನು ಆ ಸರಕಾರದ ಅಧಿಕಾರಿಯೇ. ಕನ್ನಡ ನಾಡಿನ ಶಿಲಾಶಾಸನಗಳನ್ನು ಓದಿ ಹೆಸರಾದವನು. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡದ ಲಾವಣಿಗಳನ್ನು ಅವನು ಪ್ರಕಟಿಸಿದನು. ಗಲ್ಲಿಗೇರಿಸಿದವರ ಕಡೆಯವನೊಬ್ಬನಿಂದಲೇ ಮಡಿದವರ ಹಾಡು ಉಳಿದುಬಂದುದು ವಿಧಿಯ ವಿಚಿತ್ರವೆನ್ನಬೇಕು.

ತುರುಗಳನ್ನು ಕಾಯ್ದು ಮಡಿದವನಿಗೆ ನಮ್ಮ ಹಿರಿಯರು ಊರ ಮುಂದೆ ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಊರೇ ಸುಟ್ಟು ಬೂದಿಯಾದಲ್ಲಿ ಕಲ್ಲು ನಿಲ್ಲಿಸುವವರು ಯಾರು? ಆ ಕೆಲಸವನ್ನು ಹಲಗಲಿಯಲ್ಲಿ ಹೆಸರಿಲ್ಲದ ಹಾಡುಗಾರನು ಮಾಡಿದನು. ಸುರಪುರ ಸೀಮೆಯ ಹಳ್ಳಿಗಳಲ್ಲಿಯೂ ಮುದುಕರ ಬಾಯಲ್ಲಿ ಇಂಥ ಹಾಡುಗಳಿದ್ದರೆ, ಅವರೊಡನೆ ಅವು ಅಳಿಯುವ ಮುನ್ನ ಬರೆದಿಡುವದು ಮಡಿದವರಿಗೆ ಸಲ್ಲಿಸತಕ್ಕ ಋಣವಾಗಿರುವದು.