ಅಪರ್ಚರ್

ಅಪರ್ಚರ್ ಎಂದರೆ ಬೆಳಕು ಒಳಹೊಗುವ ಕಿಂಡಿ. ಆ ಕಿಂಡಿಯ ಅಗಲಕ್ಕೂ ಇದೇ ಹೆಸರು. ‘ತೆರೆ’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಈ ಇಂಗ್ಲಿಷ್ ಪದ ಯಾವುದೇ ತೆರಪಿಗೂ ಸಲ್ಲುತ್ತದೆ. ಆದರೆ ಇಂದು ಅದು ಹೆಚ್ಚಾಗಿ ಕೇಳಿಬರುವುದು ಕ್ಯಾಮೆರಾ, ದೂರದರ್ಶಕಗಳ ಮಾತಿನಲ್ಲಿ. ಕನ್ನಡದಲ್ಲಿ ದ್ಯುತಿರಂಧ್ರ ಎಂದು ಬರೆಯುವುದುಂಟು. ಛಾಯಾಗ್ರಾಹಕರು ಅಪರ್ಚರ್ ಎಂದೇ ಹೇಳುತ್ತಾರೆ.

ಮಸೂರವಿಲ್ಲದ ಬರಿಯ ಕಿಂಡಿಯೂ ಬಿಂಬ ಮೂಡಿಸಬಲ್ಲದು. ಹಂಪಿಯ ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲ ಕೋಣೆಯಲ್ಲಿ ರಾಜಗೋಪುರ ತಲೆಕೆಳಗಾಗಿ ಗೋಡೆಯ ಮೇಲೆ ಕಾಣಿಸುವುದು ಹೀಗೆಯೇ. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯನ್ನು ಹಾದು ಗೋಡೆಯ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ. ಕಿಂಡಿ ದೊಡ್ಡದಾದರೆ ಬಿಂಬ ಬೆಳಗುತ್ತದೆ, ಆದರೆ ಮಸುಕಾಗುತ್ತದೆ. ತೀರಾ ಕಿರಿದಾದರೂ ಮಸುಕೇ, ಏಕೆಂದರೆ ಅಲ್ಲಿ ಬೆಳಕು ವಿವರ್ತನೆಗೊಂಡು ಹರಡಿಕೊಳ್ಳುತ್ತದೆ.

ಕ್ಯಾಮೆರಾದ ಮಸೂರದೊಳಗೆ ಒಂದರ ಮೇಲೊಂದು ಸರಿಯುವ ತೆಳು ಪಟ್ಟಿಗಳು ಈ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಅದರ ಅಳತೆಯೇ ಎಫ್ ಸಂಖ್ಯೆ: ಮಸೂರದ ನಾಭಿದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಸಿಗುವ ಅಂಕಿ. ಕಲಿಯುವವರು ಎಡವುವುದು ಇಲ್ಲೇ, ಏಕೆಂದರೆ ಅಂಕಿ ಏರಿದಂತೆ ಕಿಂಡಿ ಕಿರಿದಾಗುತ್ತದೆ. 50 ಮಿ.ಮೀ. ಮಸೂರದಲ್ಲಿ ಎಫ್ 2 ಎಂದರೆ 25 ಮಿ.ಮೀ. ವ್ಯಾಸ, ಎಫ್ 4 ಎಂದರೆ 12.5 ಮಿ.ಮೀ. ಮಾತ್ರ. ವ್ಯಾಸ ಅರ್ಧಕ್ಕಿಳಿದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ. 1.4, 2, 2.8, 4, 5.6, 8, 11, 16 ಎಂಬ ವಿಚಿತ್ರವಾಗಿ ಕಾಣುವ ಸರಣಿಯಲ್ಲಿ ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುವುದು ಇದೇ ಲೆಕ್ಕದಿಂದ.

ಕಿಂಡಿ ಕಿರಿದಾದಷ್ಟೂ ಹತ್ತಿರದ್ದು, ದೂರದ್ದು ಎರಡೂ ಒಟ್ಟಿಗೆ ಸ್ಫುಟವಾಗುತ್ತವೆ. ಈ ಗುಣವನ್ನು ಮೆಚ್ಚಿದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದ ಛಾಯಾಗ್ರಾಹಕರು 1932ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಟ್ಟಿದ ಬಳಗಕ್ಕೆ ‘ಗ್ರೂಪ್ ಎಫ್ 64’ ಎಂದೇ ಹೆಸರಿಟ್ಟರು. ಇದಕ್ಕೆ ತದ್ವಿರುದ್ಧವಾಗಿ, 1975ರ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ಸೆರೆಹಿಡಿಯಲು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಎಫ್ 0.7ರ ಮಸೂರ ಬಳಸಿದರು.

ಖಗೋಳಶಾಸ್ತ್ರದಲ್ಲಿ ಇದು ಸಣ್ಣ ಕಿಂಡಿಯೇ ಅಲ್ಲ. ಅಲ್ಲಿ ದೂರದರ್ಶಕದ ಮುಖ್ಯ ಮಸೂರ ಅಥವಾ ದರ್ಪಣದ ವ್ಯಾಸವೇ ಅಪರ್ಚರ್, ಮತ್ತು ನನ್ನ ಮಟ್ಟಿಗೆ ವರ್ಧನೆಗಿಂತ ಮೊದಲು ಕೇಳಬೇಕಾದ ಅಳತೆ ಇದೇ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ ವೇಣು ಬಾಪು ದೂರದರ್ಶಕದ ಅಪರ್ಚರ್ 2.34 ಮೀಟರ್. ಕತ್ತಲಲ್ಲಿ ಸುಮಾರು 7 ಮಿ.ಮೀ. ಅರಳುವ ಕಣ್ಣಿನ ಪಾಪೆಗಿಂತ ಅದು ಲಕ್ಷ ಪಟ್ಟಿಗೂ ಹೆಚ್ಚು ಬೆಳಕನ್ನು ಕೂಡಿಸುತ್ತದೆ.