ಕಾರಿನಲ್ಲಿ ಸೋರಿದ ತಂಪು, ಬಾನಿನಲ್ಲಿ ಬಿದ್ದ ತೂತು

ಜರ್ಮನಿಯ ಪೋರ್ಷೆ 911 ಸ್ಪೋರ್ಟ್ಸ್ ಕಾರಿಗೆ ಎಂಜಿನ್ ಇರುವುದು ಬೆನ್ನಿನಲ್ಲಿ, ಸಾಮಾನು ಇಡುವ ಜಾಗ ಮೂತಿಯಲ್ಲಿ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಈ ಕಾರುಗಳಿಗೆ ಹವಾನಿಯಂತ್ರಣ ಅಳವಡಿಸಿದಾಗ ಈ ಹಿಂದುಮುಂದಾದ ರಚನೆಯೇ ತೊಡಕಾಯಿತು. ಅನಿಲವನ್ನು ಒತ್ತುವ ಕಂಪ್ರೆಸರ್ ಎಂಜಿನ್ನಿನ ಜೊತೆಗೆ ಹಿಂದೆ; ಗಾಳಿಯನ್ನು ತಂಪು ಮಾಡುವ ಸುರುಳಿ ಮುಂದೆ; ಬಿಸಿಯನ್ನು ಹೊರಹಾಕುವ ಕಂಡೆನ್ಸರ್‌ಗಳಲ್ಲಿ ಒಂದು ಹಿಂದೆ, ಇನ್ನೊಂದು ಮುಂದೆ. ಇವನ್ನೆಲ್ಲ ಜೋಡಿಸಲು ರಬ್ಬರ್ ಕೊಳವೆಗಳು ಕಾರಿನ ಉದ್ದಕ್ಕೂ ಹೋಗಿ ಬರಬೇಕಾಯಿತು.

ರಬ್ಬರ್ ನೋಡಲು ಗಟ್ಟಿ. ಆದರೆ ಒತ್ತಡದಲ್ಲಿರುವ ಅನಿಲಕ್ಕೆ ಅದು ತೀರ ನುಣುಪಾದ ಜರಡಿಯಂತೆ. ಕೊಳವೆಯಲ್ಲಿ ಬಿರುಕು ಇಲ್ಲದಿದ್ದರೂ ಅನಿಲ ಗೋಡೆಯ ಮೂಲಕವೇ ಜಿನುಗುತ್ತದೆ; ಕೊಳವೆ ಉದ್ದವಾದಷ್ಟೂ ನಷ್ಟ ಹೆಚ್ಚು. ಇದರ ಜೊತೆಗೆ ಕಂಪ್ರೆಸರಿನ ತಿರುಗುವ ದಂಡದ ಸುತ್ತ ಇರುವ ಸೀಲು ಎಣ್ಣೆಯ ಪಸೆ ಇದ್ದರೆ ಮಾತ್ರ ಬಿಗಿಯಾಗಿರುತ್ತದೆ. ಚಳಿಗಾಲ ಪೂರ್ತಿ ಷೆಡ್ಡಿನಲ್ಲಿ ನಿಂತ ಕಾರಿನಲ್ಲಿ ಆ ಪಸೆ ಆರಿ, ಅಲ್ಲಿಂದಲೂ ಸೋರಿಕೆ ಆರಂಭವಾಗುತ್ತದೆ. ಹೀಗಾಗಿ ಬೇಸಿಗೆ ಬಂದು ಗುಂಡಿ ಒತ್ತಿದರೆ ಬರುವುದು ಬೆಚ್ಚನೆಯ ಗಾಳಿ.

ಆ ಕಾಲದಲ್ಲಿ ಇದಕ್ಕೆ ಪರಿಹಾರ ಸುಲಭವಾಗಿತ್ತು. ಅಮೆರಿಕದಲ್ಲಿ ಆರ್-12 ಎಂಬ ಅನಿಲ ಚಿಕ್ಕ ಡಬ್ಬಿಗಳಲ್ಲಿ ಅಂಗಡಿ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತಿತ್ತು. ಸೋರಿಕೆ ಎಲ್ಲಿದೆ ಎಂದು ಹುಡುಕುವ ಶ್ರಮಕ್ಕಿಂತ ಒಂದು ಡಬ್ಬಿ ತಂದು ತುಂಬಿಸುವುದೇ ಮೇಲು ಎಂದು ಮಾಲೀಕನೂ ಮೆಕ್ಯಾನಿಕ್ಕೂ ಭಾವಿಸಿದ್ದರು. ಹೋದ ವರ್ಷ ತುಂಬಿಸಿದ್ದು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಕೇಳುವಂತಾಗಲು ಅರ್ಧ ಶತಮಾನವೇ ಬೇಕಾಯಿತು.

ಮೇಣದಬತ್ತಿ ಆರಿಸಿದ ಅನಿಲ

ಶೈತ್ಯೀಕರಣದ ಮೊದಲ ದಿನಗಳಲ್ಲಿ ಬಳಕೆಯಲ್ಲಿದ್ದ ಶೀತಕಗಳು ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಮತ್ತು ಮೀಥೈಲ್ ಕ್ಲೋರೈಡ್. ಮೂರೂ ವಿಷಕಾರಿ. ಮನೆಯ ಫ್ರಿಜ್ ಸೋರಿ ಜನ ಸತ್ತ ಪ್ರಕರಣಗಳು 1920ರ ದಶಕದ ಅಮೆರಿಕದಲ್ಲಿ ಭೀತಿ ಹುಟ್ಟಿಸಿದ್ದವು. ಉರಿಯದ, ವಿಷವಲ್ಲದ ಶೀತಕವೊಂದನ್ನು ಹುಡುಕುವ ಕೆಲಸ ಜನರಲ್ ಮೋಟಾರ್ಸ್ ಸಂಸ್ಥೆಯ ಥಾಮಸ್ ಮಿಜ್ಲಿ ಎಂಬ ಎಂಜಿನಿಯರನ ಪಾಲಿಗೆ ಬಂತು. 1928ರಲ್ಲಿ ಆತ ಸಹೋದ್ಯೋಗಿಗಳೊಂದಿಗೆ ಕಂಡುಕೊಂಡದ್ದು ಕ್ಲೋರಿನ್, ಫ್ಲೂರಿನ್ ಮತ್ತು ಇಂಗಾಲ ಸೇರಿದ ಒಂದು ಸಂಯುಕ್ತ. ಮುಂದೆ ಫ್ರಿಯಾನ್ ಎಂಬ ವ್ಯಾಪಾರಿ ಹೆಸರಿನಿಂದ ಪ್ರಸಿದ್ಧವಾದ ಆರ್-12 ಇದೇ. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಜ್ಲಿ ಆ ಅನಿಲವನ್ನು ಸ್ವತಃ ಒಳಗೆಳೆದುಕೊಂಡು, ಉಸಿರು ಬಿಟ್ಟು ಉರಿಯುವ ಮೇಣದಬತ್ತಿಯನ್ನು ಆರಿಸಿ ತೋರಿಸಿದ. ವಿಷವೂ ಅಲ್ಲ, ಬೆಂಕಿಯೂ ಹತ್ತದು; ಇನ್ನೇನು ಬೇಕು?

ಈ ಮಿಜ್ಲಿಯೇ 1921ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವನ್ನೂ ಕಂಡುಹಿಡಿದವನು. ಪೋಲಿಯೊದಿಂದ ಕಾಲು ಕಳೆದುಕೊಂಡ ಆತ ಹಾಸಿಗೆಯಿಂದ ಏಳಲು ಹಗ್ಗ, ರಾಟೆಗಳ ಸಾಧನವೊಂದನ್ನು ಮಾಡಿಕೊಂಡಿದ್ದ. 1944ರಲ್ಲಿ ಅದೇ ಹಗ್ಗ ಕೊರಳಿಗೆ ಸುತ್ತಿಕೊಂಡು ಸತ್ತ. ತನ್ನ ಎರಡು ಶೋಧಗಳೂ ಲೋಕಕ್ಕೆ ಮಾಡಿದ ಹಾನಿಯನ್ನು ಕಾಣಲು ಆತ ಬದುಕಿರಲಿಲ್ಲ.

ಕಾರಿಗೆ ತಂಪು ಬಂದದ್ದು 1939ರ ಕೊನೆಯಲ್ಲಿ, ಅಮೆರಿಕದ ಪ್ಯಾಕರ್ಡ್ ಕಂಪೆನಿಯ ಮೂಲಕ. ಅದರ ಯಂತ್ರಭಾಗ ಡಿಕ್ಕಿಯ ಬಹುಪಾಲು ಜಾಗವನ್ನು ನುಂಗಿತ್ತು. ತಂಪು ಸಾಕೆನಿಸಿದರೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನೇ ಬಿಚ್ಚಬೇಕಿತ್ತು. ಎರಡನೆಯ ಮಹಾಯುದ್ಧ ಮುಗಿದು, 1953-54ರ ವೇಳೆಗೆ ಹಲವು ಕಂಪೆನಿಗಳು ಸುಧಾರಿತ ಯಂತ್ರಗಳನ್ನು ತಂದವು. 1970ರ ದಶಕ ಬರುವಷ್ಟರಲ್ಲಿ ಅಮೆರಿಕದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹವಾನಿಯಂತ್ರಿತವಾಗಿದ್ದವು. ಅವುಗಳಲ್ಲೆಲ್ಲ ಇದ್ದುದು ಆರ್-12. ಅವೆಲ್ಲವೂ ಅಷ್ಟಿಷ್ಟು ಸೋರುತ್ತಿದ್ದವು.

ಸೋರಿಕೆ ಹುಡುಕುತ್ತಿದ್ದ ಎಂಜಿನಿಯರ್

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಜೇಮ್ಸ್ ಲವ್‌ಲಾಕ್ ಹಡಗೊಂದರಲ್ಲಿ ದಕ್ಷಿಣ ಧ್ರುವದತ್ತ ಪಯಣಿಸಿ, ದಾರಿಯುದ್ದಕ್ಕೂ ಗಾಳಿಯನ್ನು ಪರೀಕ್ಷಿಸಿದ. ಕಾರ್ಖಾನೆಗಳ ಸುಳಿವೂ ಇಲ್ಲದ ನಡುಗಡಲಿನಲ್ಲಿ ಕೂಡ ಈ ಜಾತಿಯ ಅನಿಲ ಅವನ ಉಪಕರಣಕ್ಕೆ ಸಿಕ್ಕಿತು. 1974ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಅದರ ಮುಂದಿನ ಕಥೆಯನ್ನು ಬಿಡಿಸಿದರು. ಕೆಳಗಿನ ವಾತಾವರಣದಲ್ಲಿ ಯಾವುದರ ಜೊತೆಗೂ ವರ್ತಿಸದ ಈ ಅನಿಲ ನಿಧಾನವಾಗಿ ಮೇಲೇರುತ್ತದೆ. ಅಲ್ಲಿ ಸೂರ್ಯನ ಅತಿನೇರಳೆ ಕಿರಣಕ್ಕೆ ಸಿಕ್ಕಿ ಒಡೆದು ಕ್ಲೋರಿನ್ ಪರಮಾಣುವನ್ನು ಬಿಡುಗಡೆ ಮಾಡುತ್ತದೆ. ಆ ಒಂದೊಂದು ಪರಮಾಣುವೂ ಸಹಸ್ರಾರು ಓಜೋನ್ ಅಣುಗಳನ್ನು ನಾಶ ಮಾಡುತ್ತದೆ. ಯಾವ ಜಡಗುಣಕ್ಕಾಗಿ ಮಿಜ್ಲಿಯ ಅನಿಲವನ್ನು ಲೋಕ ಮೆಚ್ಚಿತ್ತೋ ಆ ಗುಣವೇ ದೋಷವಾಗಿತ್ತು.

ಇದರ ಮಗ್ಗುಲಿನ ಇನ್ನೊಂದು ಶೋಧಕ್ಕೆ ಬೆಂಗಳೂರಿನ ನಂಟಿದೆ. ವೀರಭದ್ರನ್ ರಾಮನಾಥನ್ ತಮಿಳು ಮಾಧ್ಯಮದಲ್ಲಿ ಓದುತ್ತಿದ್ದ ಹುಡುಗ. ಹನ್ನೊಂದನೆಯ ವಯಸ್ಸಿನಲ್ಲಿ ಕುಟುಂಬ ಬೆಂಗಳೂರಿಗೆ ಬಂದಾಗ ಇಲ್ಲಿನ ಶಾಲೆಯ ಇಂಗ್ಲಿಷ್ ಪಾಠ ಅರ್ಥವಾಗದೆ, ಎಲ್ಲವನ್ನೂ ತಾವೇ ಯೋಚಿಸಿ ಕಲಿಯುವ ಅಭ್ಯಾಸ ಮಾಡಿಕೊಂಡವರು. ಎಂಜಿನಿಯರಿಂಗ್ ಪದವಿಯ ನಂತರ ಸಿಕಂದರಾಬಾದಿನ ಶೈತ್ಯೀಕರಣ ಕಾರ್ಖಾನೆಯೊಂದರಲ್ಲಿ ಅವರಿಗೆ ಸಿಕ್ಕ ಕೆಲಸ, ಯಂತ್ರಗಳಿಂದ ಶೀತಕ ಏಕೆ ಸೋರುತ್ತದೆ ಎಂದು ಪತ್ತೆ ಮಾಡುವುದು. ಆ ಕೆಲಸ ಬೇಸರವೆನಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಅಲ್ಲಿಂದ 1970ರಲ್ಲಿ ಅಮೆರಿಕಕ್ಕೆ ಹೋದರು. ಬಿಟ್ಟುಬಂದ ಅನಿಲ ಅಲ್ಲಿ ಮತ್ತೆ ಎದುರಾಯಿತು. 1975ರಲ್ಲಿ ರಾಮನಾಥನ್ ತೋರಿಸಿದ್ದು ಇಷ್ಟು: ಈ ಅನಿಲಗಳು ಓಜೋನಿಗೆ ಮಾತ್ರವಲ್ಲ, ಭೂಮಿಯ ತಾಪಕ್ಕೂ ಕುತ್ತು; ಇದರ ಒಂದು ಅಣು ಹತ್ತು ಸಾವಿರಕ್ಕೂ ಮಿಕ್ಕ ಇಂಗಾಲದ ಡೈಆಕ್ಸೈಡ್ ಅಣುಗಳಷ್ಟು ಬಿಸಿಯನ್ನು ಹಿಡಿದಿಡಬಲ್ಲದು. ಕಾರ್ಖಾನೆಯಲ್ಲಿ ಹುಡುಕುತ್ತಿದ್ದ ಸೋರಿಕೆಯ ನಿಜವಾದ ಬೆಲೆ ಆಕಾಶದಲ್ಲಿ ಸಿಕ್ಕಿತ್ತು.

1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಪ್ರತಿ ವಸಂತದಲ್ಲೂ ಓಜೋನ್ ತೀವ್ರವಾಗಿ ಕುಸಿಯುತ್ತಿರುವುದನ್ನು ಪ್ರಕಟಿಸಿದರು. ಎರಡೇ ವರ್ಷಗಳಲ್ಲಿ, 1987ರ ಸೆಪ್ಟೆಂಬರ್ 16ರಂದು, ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಬಡ ರಾಷ್ಟ್ರಗಳ ಬದಲಾವಣೆಯ ಖರ್ಚನ್ನು ಭರಿಸಲು 1990ರಲ್ಲಿ ನಿಧಿಯೊಂದನ್ನು ಒಪ್ಪಿಕೊಂಡ ಮೇಲೆ, 1992ರಲ್ಲಿ ಭಾರತವೂ ಸೇರಿತು. ಮೊಲಿನಾ, ರೋಲೆಂಡ್ ಅವರಿಗೆ 1995ರಲ್ಲಿ ಪಾಲ್ ಕ್ರುಟ್ಜೆನ್ ಜೊತೆ ನೊಬೆಲ್ ಬಂತು.

ತುಂಬಿಸುವುದಲ್ಲ, ಮುಚ್ಚುವುದು

ಅದೇ 1995ರ ಕೊನೆಗೆ ಅಮೆರಿಕದಲ್ಲಿ ಆರ್-12 ತಯಾರಿಕೆ ನಿಂತಿತು. ಆದರೆ ಅದನ್ನೇ ನಂಬಿದ ಕೋಟ್ಯಂತರ ಕಾರುಗಳು ರಸ್ತೆಯಲ್ಲಿದ್ದವು. ಅನಿಲದ ಬೆಲೆ ಗಗನಕ್ಕೇರಿತು. ಮಯಾಮಿ ಬಂದರಿನಲ್ಲಿ ಮಾದಕವಸ್ತುವಿನಂತೆಯೇ ಆರ್-12 ಕಳ್ಳಸಾಗಣೆಯಾಗತೊಡಗಿತು. ಶೀತಕವನ್ನು ಗಾಳಿಗೆ ಬಿಡುವುದು 1992ರಿಂದಲೇ ಅಲ್ಲಿ ಅಪರಾಧವಾಗಿತ್ತು. ಚಿಕ್ಕ ಡಬ್ಬಿಗಳನ್ನು ಪರವಾನಗಿ ಇರುವ ಮೆಕ್ಯಾನಿಕ್‌ಗಳಿಗೆ ಮಾತ್ರ ಮಾರಬೇಕಿತ್ತು. ಬೆಲೆ ಮತ್ತು ಕಾನೂನು ಸೇರಿ, ಸೋರಿಕೆಯನ್ನು ಮೊದಲು ಹುಡುಕುವ ಪಾಠವನ್ನು ಕಲಿಸಿದವು.

ಹುಡುಕುವ ವಿದ್ಯೆಗೂ ತನ್ನದೇ ಇತಿಹಾಸವಿದೆ. ಹಿಂದಿನವರು ತಾಮ್ರದ ತುಂಡಿರುವ ದೀಪವನ್ನು ಕೊಳವೆಯ ಬಳಿ ಹಿಡಿಯುತ್ತಿದ್ದರು. ಅನಿಲ ತಗುಲಿದರೆ ಜ್ವಾಲೆ ಹಸಿರಾಗುತ್ತಿತ್ತು. ಬೆಂಕಿಗೆ ಬಿದ್ದ ಆರ್-12ರಿಂದ ವಿಷಾನಿಲ ಹುಟ್ಟುವುದರಿಂದ ಅದು ಮೂಗಿಗೆ ಒಳ್ಳೆಯದಾಗಿರಲಿಲ್ಲ. ಮುಂದೆ ಎಲೆಕ್ಟ್ರಾನಿಕ್ ಮೂಗುಗಳೂ, ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಬಣ್ಣವೂ ಬಂದವು. ನೈಟ್ರೋಜನ್ ತುಂಬಿ ಒತ್ತಡ ಕೊಟ್ಟು, ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ಹಳೆಯ ಕ್ರಮವೂ ಉಳಿದಿದೆ.

ಹಳೆಯ 911ರಂಥ ಕಾರನ್ನು ಸರಿಪಡಿಸುವವರು ಈಗ ಒಳಪದರದಲ್ಲಿ ನೈಲಾನ್ ಇರುವ ಕೊಳವೆಗಳನ್ನು ಹಾಕುತ್ತಾರೆ. ಅನಿಲ ಅದನ್ನು ಸುಲಭವಾಗಿ ದಾಟಲಾರದು. ಕೀಲುಗಳ ರಬ್ಬರ್ ಉಂಗುರಗಳನ್ನೂ ದಂಡದ ಸೀಲನ್ನೂ ಬದಲಿಸುತ್ತಾರೆ. ತೇವ ಹೀರುವ ಡಬ್ಬಿ, ಅಂದರೆ ಡ್ರೈಯರ್, ವ್ಯವಸ್ಥೆ ಬಿಚ್ಚಿಕೊಂಡಿದ್ದಾಗ ಗಾಳಿಯ ತೇವ ಕುಡಿದಿರುವುದರಿಂದ ಅದೂ ಹೊಸದಾಗಬೇಕು. ಒಳಗೆ ಉಳಿದ ನೀರು ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಕೊನೆಗೆ ಪಂಪಿನಿಂದ ನಿರ್ವಾತ ಮಾಡಿ, ಅದು ನಿಲ್ಲುತ್ತದೆಯೇ ಎಂದು ಕಾದು ನೋಡಿ, ಆಮೇಲಷ್ಟೆ ಅನಿಲ.

ಯಾವ ಅನಿಲ ಎಂಬುದು ಮಾಲೀಕನ ಮುಂದಿನ ಪ್ರಶ್ನೆ. ಕಾರು ಮೂಲ ಸ್ಥಿತಿಯಲ್ಲೇ ಇರಬೇಕೆನ್ನುವವರು ದಾಸ್ತಾನಿನ ದುಬಾರಿ ಆರ್-12ನ್ನೇ ಹುಡುಕುತ್ತಾರೆ. ಹೆಚ್ಚಿನವರು ಓಜೋನಿಗೆ ಹಾನಿ ಮಾಡದ ಆರ್-134ಎ ಹಾಕಿಸುತ್ತಾರೆ. ಅದು ಹಳೆಯ ಖನಿಜ ಎಣ್ಣೆಯೊಂದಿಗೆ ಬೆರೆಯದ ಕಾರಣ ಎಣ್ಣೆಯೂ ಬದಲಾಗಬೇಕು. ಅದರ ಅಣು ಚಿಕ್ಕದಾದ್ದರಿಂದ ಹಳೆಯ ಕೊಳವೆಯಲ್ಲಿ ಇನ್ನೂ ಬೇಗ ಸೋರುತ್ತದೆ. ಹಳೆಯ ಕಂಡೆನ್ಸರ್ ಅದಕ್ಕೆ ಸಾಲದು ಎಂಬ ದೂರೂ ಉಂಟು.

ಆದರೆ ಈ ಆರ್-134ಎ ಕೂಡ ನಿರಪರಾಧಿಯಲ್ಲ. ರಾಮನಾಥನ್ ತೋರಿಸಿದ ತಾಪದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿ ತೂಗುತ್ತದೆ. ಆದ್ದರಿಂದ ಯುರೋಪಿನ ಹೊಸ ಕಾರುಗಳಲ್ಲಿ 2017ರಿಂದ ಅದಕ್ಕೆ ಜಾಗವಿಲ್ಲ. ಈ ಬಳಗದ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು.

ಅಂಟಾರ್ಕ್ಟಿಕದ ಓಜೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಎಂಬುದು 2022ರ ಅಂತರರಾಷ್ಟ್ರೀಯ ವರದಿಯ ಅಂದಾಜು. ಆರ್-12 ಗಾಳಿಯಲ್ಲಿ ನೂರು ವರ್ಷದಷ್ಟು ಕಾಲ ಉಳಿಯುತ್ತದೆ. ಯಾರದೋ ಕಾರಿನಿಂದ 1980ರ ಬೇಸಿಗೆಯಲ್ಲಿ ಸೋರಿಹೋದ ಅನಿಲದ ಒಂದು ಪಾಲು ಇಂದಿಗೂ ಮೇಲೆ ಇದೆ. ಅದನ್ನು ಮರಳಿ ತರುವ ಮೆಕ್ಯಾನಿಕ್ ಇಲ್ಲ. ಇನ್ನೂ ಹಳೆಯ ಕಾರುಗಳಲ್ಲಿ ಉಳಿದಿರುವುದನ್ನು ಸೋರದಂತೆ ಹಿಡಿದಿಡುವುದು ಮಾತ್ರ ಮನುಷ್ಯರ ಕೈಯಲ್ಲಿದೆ.